ಎರಡು ನದಿ, ಒಂದು ಹರಿಗೋಲು

ತಮಿಳುನಾಡಿನ ಗಡಿಯೂರು ಹೊಸೂರಿಗೆ ಕಡಲಿಲ್ಲ. ಪೂರ್ವಕ್ಕೆ ಚೆನ್ನೈಯ ಕಡಲು ಸುಮಾರು 300 ಕಿಲೋಮೀಟರ್ ದೂರ. ಪಶ್ಚಿಮಕ್ಕೆ ಮಂಗಳೂರಿನ ಕಡಲು ಇನ್ನೂ ದೂರ, ನಡುವೆ ಘಟ್ಟ ಬೇರೆ. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಮೇಲಿರುವ ಈ ಸೀಮೆಯಲ್ಲಿ ನೀರೆಂದರೆ ಕೆರೆ, ಬಾವಿ, ಈಚೆಗೆ ಕೊಳವೆಬಾವಿ. ಆದರೂ ಈ ನೆಲವನ್ನು ಎರಡು ದೊಡ್ಡ ನದಿಗಳು ಹಾದುಹೋಗುತ್ತವೆ. ಉತ್ತರದಿಂದ ಬರುವ ದಕ್ಷಿಣ ಪಿನಾಕಿನಿ ಹೊಸೂರಿನ ಮಗ್ಗುಲಲ್ಲೇ ಹರಿದು ಕೃಷ್ಣಗಿರಿಯತ್ತ ಇಳಿಯುತ್ತದೆ. ಕೃಷ್ಣಗಿರಿ ಜಿಲ್ಲೆಯ ನೈಋತ್ಯದ ಅಂಚನ್ನು ಕಾವೇರಿ ಸವರಿಕೊಂಡು ಹೊಗೇನಕಲ್ಲಿನ ಜಲಪಾತದತ್ತ ಸಾಗುತ್ತದೆ. ಎರಡೂ ಹುಟ್ಟುವುದು ಕರ್ನಾಟಕದಲ್ಲಿ, ಎರಡೂ ಸೇರುವುದು ಬಂಗಾಳ ಕೊಲ್ಲಿಯನ್ನು. ಡಿಸೆಂಬರಿನ ಒಂದು ವಾರಾಂತ್ಯದಲ್ಲಿ ನಾವು ನಾಲ್ವರು ಗೆಳೆಯರು ಈ ಎರಡು ನದಿಗಳನ್ನು ನೋಡಿ ಬಂದೆವು. ಒಂದನ್ನು ದಂಡೆಯಲ್ಲಿ ನಿಂತು ನೋಡಿದೆವು, ಇನ್ನೊಂದನ್ನು ಅದರ ಮೈಮೇಲೆಯೇ ಕೂತು ನೋಡಿದೆವು. ಆ ಎರಡು ನೋಟಗಳ ಅಂತರವೇ ಈ ಬರಹಕ್ಕೆ ಕಾರಣ.

ಮೊದಲಿಗೆ ನಮ್ಮ ಲೆಕ್ಕಾಚಾರ ಬೇರೆಯೇ ಇತ್ತು. ನಮ್ಮಲ್ಲೊಬ್ಬ ಹೊನ್ನಾವರದವನು. ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಈಜು ಕಲಿತವನು, ಪಾತಿದೋಣಿಯಲ್ಲಿ ಬೆಳೆದವನು. ಹಾಯಿ ಬಿಚ್ಚಿದ ಸಣ್ಣ ದೋಣಿಗಳಲ್ಲಿ ಕರಾವಳಿಯುದ್ದಕ್ಕೂ ಎರಡು ದಿನ ಸಾಗಬೇಕು, ರಾತ್ರಿ ಯಾವುದಾದರೂ ಮರಳ ದಂಡೆಯಲ್ಲಿ ಲಂಗರು ಹಾಕಬೇಕು ಎನ್ನುವುದು ಅವನ ಬಹುದಿನದ ಆಸೆ. ರಜೆ ಹೊಂದಲಿಲ್ಲ, ದೂರವೂ ಹೆಚ್ಚಾಯಿತು. ಆಗ ಹೊಸೂರಿನ ಕಾರ್ಖಾನೆಯಲ್ಲಿ ದುಡಿಯುವ ಗೆಳೆಯ ಒಂದು ಮಾತು ಹೇಳಿದ: "ದೋಣಿ ನಮ್ಮಲ್ಲೂ ಇದೆ. ಹಾಯಿ ಇಲ್ಲ, ಅಷ್ಟೇ. ಬನ್ನಿ." ದೇಂಕಣಿಕೋಟೆ ಕಡೆಯ ಕನ್ನಡ ಶಾಲೆಯ ಮೇಷ್ಟ್ರೊಬ್ಬರು ಜೊತೆಯಾದರು. ಬೆಂಗಳೂರಿನಿಂದ ಹೊರಟವನು ನಾನೊಬ್ಬ.

ನೊರೆಯ ನದಿ

ಶನಿವಾರ ಬೆಳಗ್ಗೆ ಮೊದಲು ಹೋದದ್ದು ಕೆಲವರಪಳ್ಳಿ ಅಣೆಕಟ್ಟಿಗೆ. ಹೊಸೂರು ಪಟ್ಟಣಕ್ಕೆ ಹತ್ತಿರದ ಜಾಗ. ದಕ್ಷಿಣ ಪಿನಾಕಿನಿಗೆ ತಮಿಳುನಾಡಿನಲ್ಲಿ ಕಟ್ಟಿದ ಅಣೆಗಳಲ್ಲಿ ಮೇಲಿನಿಂದ ಮೊದಲು ಸಿಗುವುದು ಇದೇ. ತಮಿಳರು ಈ ನದಿಯನ್ನು ತೆನ್‌ಪೆಣ್ಣೈ ಎನ್ನುತ್ತಾರೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ, ಹೊಸಕೋಟೆಯ ಕೆರೆಯನ್ನು ತುಂಬಿ, ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಇಳಿದು ಇಲ್ಲಿಗೆ ಬರುತ್ತದೆ. ಹೊಸೂರಿನ ಹತ್ತಿರದ ತೊರಪ್ಪಳ್ಳಿ ಎಂಬ ಹಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದರು. ರಾಜಾಜಿ ಎಳವೆಯಲ್ಲಿ ಕಂಡ ಪಿನಾಕಿನಿ ಮರಳಿನ ನದಿಯಾಗಿದ್ದಿರಬೇಕು. ನಾವು ಕಂಡದ್ದು ನೊರೆಯ ನದಿ.

ಅಣೆಯ ಬಾಗಿಲು ತೆರೆದಿತ್ತು. ಧುಮುಕಿದ ನೀರು ಕೆಳಗೆ ಬಿಳಿ ನೊರೆಯಾಗಿ ಎದ್ದು, ಗುಡ್ಡೆಗುಡ್ಡೆಯಾಗಿ ಕಾಲುವೆಯತ್ತ ಜಾರುತ್ತಿತ್ತು. ಗಾಳಿ ಬೀಸಿದಾಗ ತುಣುಕುಗಳು ಹಾರಿಬಂದು ದಂಡೆಯ ಗಿಡಗಳಿಗೆ ಅಂಟಿಕೊಳ್ಳುತ್ತಿದ್ದವು. ಮೂಗಿಗೆ ಬಡಿದದ್ದು ಸಾಬೂನಿನ ವಾಸನೆ, ಅದರಡಿಯಲ್ಲಿ ಕೊಳಚೆಯ ವಾಸನೆ. ಹೊನ್ನಾವರದ ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಮುದ್ರದ ನೊರೆ ಕೈಯಲ್ಲಿ ಹಿಡಿದರೆ ಒಡೆದುಹೋಗುತ್ತದೆ. ಇದು ಒಡೆಯುತ್ತಲೇ ಇಲ್ಲ" ಎಂದ.

ಕಾರಣ ಗುಟ್ಟಿನದಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು ಕೆರೆಗೂ ಅಲ್ಲಿಂದ ವರ್ತೂರು ಕೆರೆಗೂ ಹೋಗುತ್ತದೆ. ಅಲ್ಲಿಂದ ಹೊರಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ಹೆಬ್ಬಾಳ ಕಣಿವೆಯ ನೀರಿಗೂ ಇದೇ ದಿಕ್ಕು. ಬಟ್ಟೆ, ಪಾತ್ರೆ ತೊಳೆಯುವ ಡಿಟರ್ಜೆಂಟಿನ ಅಂಶಗಳು ಪೂರಾ ಕಳೆಯದೆ ನೀರಿನಲ್ಲೇ ಉಳಿದಿರುತ್ತವೆ. ನಿಂತ ನೀರಿನಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ. ನೀರು ಎತ್ತರದಿಂದ ಬಿದ್ದು ಗಾಳಿಯೊಂದಿಗೆ ಬೆರೆತಾಗ ನೊರೆಯಾಗಿ ಮೇಲೇಳುತ್ತವೆ. ಬೆಳ್ಳಂದೂರು, ವರ್ತೂರಿನ ಕೋಡಿಗಳಲ್ಲಿ ನೊರೆ ರಸ್ತೆಗೆ ಹಾರಿದ್ದನ್ನೂ, ಬೆಳ್ಳಂದೂರು ಕೆರೆಗೇ ಬೆಂಕಿ ಹೊತ್ತಿಕೊಂಡದ್ದನ್ನೂ ನಾವು ಬೆಂಗಳೂರಿನವರು ಸುದ್ದಿಯಲ್ಲಿ ನೋಡಿದ್ದೇವೆ. ಅದೇ ನೀರು ಮುಂದೆ ಎಲ್ಲಿಗೆ ಹೋಯಿತೆಂದು ಕೇಳಿದವರು ಕಡಿಮೆ. ಅದು ಇಲ್ಲಿಗೆ ಬಂತು. ಇಲ್ಲಿಂದ ಎಡ, ಬಲ ಕಾಲುವೆಗಳಲ್ಲಿ ಹೊಸೂರು ಸೀಮೆಯ ಹೊಲಗಳಿಗೆ ಹೋಯಿತು. ಆ ಹೊಲಗಳಲ್ಲಿ ಬೆಳೆದ ಸೊಪ್ಪು, ತರಕಾರಿಗಳಲ್ಲಿ ಒಂದು ಪಾಲು ಲಾರಿ ಹತ್ತಿ ಬೆಂಗಳೂರಿನ ಮಾರುಕಟ್ಟೆಗೆ ಮರಳುತ್ತದೆ.

ದಂಡೆಯಲ್ಲಿ ಒಬ್ಬ ರೈತ ಹಸು ಮೇಯಿಸುತ್ತಿದ್ದರು. ತೆಲುಗಿನಲ್ಲಿ ಶುರುಮಾಡಿದವರು ನನ್ನ ಮಾತು ಕೇಳಿ ಕನ್ನಡಕ್ಕೆ ಹೊರಳಿದರು. "ನೀರು ಬರಲಿ ಅಂತಲೂ ಬೇಡ್ಕೋತೀವಿ, ಇಂಥ ನೀರು ಬೇಡಪ್ಪ ಅಂತಲೂ ಬೇಡ್ಕೋತೀವಿ" ಎಂದರು. ಯಾರನ್ನೂ ದೂರುವ ದನಿಯಿರಲಿಲ್ಲ. ನೀವು ಎಲ್ಲಿಯವರೆಂದು ಕೇಳಿದರು. ಬೆಂಗಳೂರು ಎಂದೆ. ಆ ಮಾತು ಬಾಯಿಂದ ಹೊರಟಾಗ ಅದರ ಭಾರ ನನಗೇ ತಿಳಿಯಿತು.

ರಾಗಿಯ ದಾರಿ

ಅಲ್ಲಿಂದ ಹೊಗೇನಕಲ್ಲಿಗೆಂದು ದೇಂಕಣಿಕೋಟೆಯ ದಾರಿ ಹಿಡಿದಾಗ ಬಿಸಿಲು ಎಳೆಯದಾಗಿತ್ತು. ರಾಗಿ ಕೊಯ್ಲು ಮುಗಿದು ಹೊಲಗಳಲ್ಲಿ ಮೆದೆಗಳು ಎದ್ದಿದ್ದವು. ಅಕ್ಕಡಿ ಸಾಲಿನಲ್ಲಿ ಉಳಿದ ಅವರೆ ಹೂಬಿಟ್ಟು, ಕಾಯಿ ಹಿಡಿದು, ಗಾಳಿಗೆಲ್ಲ ಸೊಗಡು ಹತ್ತಿತ್ತು. ಈ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿ ಕಾಡುಗಳ ಮೂಲಕ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ರಾಗಿ ಕಾಳುಕಟ್ಟುವುದೂ ಅವು ಬರುವುದೂ ಒಂದೇ ಕಾಲ. ಹೊಲದಂಚಿನ ಮರಗಳ ಮೇಲೆ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಕಾವಲು ಕೂರುವುದು ಇಲ್ಲಿನವರಿಗೆ ಕೊಯ್ಲಿನಷ್ಟೇ ರೂಢಿ.

ಮೇಷ್ಟ್ರು ದಾರಿಯುದ್ದಕ್ಕೂ ಊರುಗಳ ಹೆಸರು ಹೇಳುತ್ತ ಬಂದರು. ಜವಳಗಿರಿ, ಬೆಟ್ಟಮುಗಿಲಾಳಂ, ಅಂಚೆಟ್ಟಿ, ಬಿಳಿಗುಂಡ್ಲು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಅಲ್ಲಿಂದೀಚೆಗೆ ಎಷ್ಟೋ ತಲೆಮಾರಿನ ಮಕ್ಕಳು ಇಲ್ಲಿ ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿ, ಅಂಗಡಿಯಲ್ಲಿ ತಮಿಳಾಡಿ ಬೆಳೆದಿದ್ದಾರೆ. ದೇಂಕಣಿಕೋಟೆಯ ಬೇಟರಾಯಸ್ವಾಮಿಗೆ ಮೂರು ಭಾಷೆಗಳಲ್ಲೂ ಹರಕೆ ಸಲ್ಲುತ್ತದೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವುದು ಮೇಷ್ಟ್ರ ದೊಡ್ಡ ಚಿಂತೆ. "ಪಾಠ ಮಾಡೋಕೆ ನಾನಿದ್ದೀನಿ, ಕಲಿಯೋಕೆ ಮಕ್ಕಳಿದ್ದಾರೆ. ಆದರೆ ಕಲಿತು ಮುಂದೇನು ಅಂತ ತಂದೆತಾಯಿ ಕೇಳಿದಾಗ ನನ್ನ ಹತ್ತಿರ ಗಟ್ಟಿ ಉತ್ತರ ಇರಬೇಕಲ್ಲ" ಎಂದರು. ಗಡಿಯ ಕನ್ನಡದ ಬಗ್ಗೆ ರಾಜಧಾನಿಯಲ್ಲಿ ಭಾಷಣ ಮಾಡುವವರೆಲ್ಲ ಉತ್ತರಿಸಬೇಕಾದ ಪ್ರಶ್ನೆಯಿದು.

ಅಂಚೆಟ್ಟಿ ದಾಟಿದ ಮೇಲೆ ಕಾಡು ಒತ್ತಿಕೊಂಡು ಬರುತ್ತದೆ. 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಎಂದು ತಮಿಳುನಾಡು ಘೋಷಿಸಿದ ವನ್ಯಜೀವಿಧಾಮಗಳು ಈ ಬೆಟ್ಟಸಾಲುಗಳಲ್ಲಿವೆ. ನದಿಯ ಆಚೆ ಕರ್ನಾಟಕದ ಕಾವೇರಿ ವನ್ಯಜೀವಿಧಾಮ. ನಾಟ್ರಂಪಾಳ್ಯದ ಆಚೆ ದಾರಿ ತಿರುವು ತಿರುವಾಗಿ ಇಳಿಯುತ್ತಲೇ ಹೋಗುತ್ತದೆ. ಹೊಸೂರಿನ 900 ಮೀಟರ್ ಎತ್ತರದಿಂದ ಹೊಗೇನಕಲ್ಲಿನ ಸುಮಾರು 250 ಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ಸ್ವೆಟರ್ ಕಳಚಬೇಕಾಯಿತು. ಕಿವಿಗೆ ಮೊದಲು ನೀರಿನ ಮೊರೆತ ಬಿತ್ತು, ಆಮೇಲೆ ಕಣ್ಣಿಗೆ ನೀರು.

ಬಿದಿರು, ಟಾರು, ಒಂದು ಹುಟ್ಟು

ಸಂಜೆ ಕಡವಿನಲ್ಲಿ ಹರಿಗೋಲುಗಳನ್ನು ಬೋರಲು ಹಾಕಿ ಸಾಲಾಗಿ ಒಣಗಿಸಿದ್ದರು. ತಮಿಳಿನಲ್ಲಿ ಪರಿಸಲ್, ನಮ್ಮಲ್ಲಿ ಹರಿಗೋಲು, ಕೆಲವು ಕಡೆ ತೆಪ್ಪ. ಅಂಬಿಗರೊಬ್ಬರು ಹೊಸದೊಂದನ್ನು ಹೆಣೆಯುತ್ತಿದ್ದರು. ಅವರ ಪಕ್ಕದಲ್ಲಿ ಕೂತು ನೋಡಿದೆವು. ಸೀಳಿದ ಬಿದಿರಿನ ಉದ್ದ ಪಟ್ಟಿಗಳನ್ನು ನೆಲದ ಮೇಲೆ ಒಂದರ ಮೇಲೊಂದು ಅಡ್ಡಡ್ಡ ಹಾಯಿಸಿ ತಳ ಹೆಣೆಯುತ್ತಾರೆ. ಪಟ್ಟಿಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ, ಸುತ್ತ ದಪ್ಪ ಬಿದಿರಿನ ಅಂಚು ಕಟ್ಟುತ್ತಾರೆ. ಹೊರಮೈಗೆ ಹಿಂದಿನ ಕಾಲದಲ್ಲಿ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾಯಿಸಿದ ಟಾರು. ಅಡ್ಡಳತೆ ಏಳೆಂಟು ಅಡಿ. ಒಬ್ಬನೇ ಗಂಡಾಳು ತಲೆಮೇಲೆ ಬೋರಲು ಹೊತ್ತು ನಡೆಯಬಲ್ಲ ತೂಕ. ನಡೆಸಲು ಒಂದೇ ಒಂದು ಹುಟ್ಟು ಸಾಕು.

ಹೊನ್ನಾವರದ ಗೆಳೆಯ ಅದನ್ನು ಸುತ್ತಿ ಸುತ್ತಿ ನೋಡಿದ. ಅವನ ಊರಿನ ದೋಣಿಗಳಿಗೆ ಮೂತಿಯಿದೆ, ಹಿಂಬದಿಯಿದೆ, ಅಡಿಯಲ್ಲಿ ನೀರನ್ನು ಸೀಳುವ ಅಂಚಿದೆ, ದಿಕ್ಕು ಹಿಡಿಯಲು ಚುಕ್ಕಾಣಿಯಿದೆ. ಹಳೆ ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಜಲ್ಲಿ, ತರಕಾರಿ ಹೊತ್ತು ಹೋಗುವ ಮಂಜಿ ಎಂಬ ಸರಕು ದೋಣಿಗಳನ್ನು ಅವನು ಚಿಕ್ಕಂದಿನಲ್ಲಿ ಕಂಡಿದ್ದ. ಅವಕ್ಕೆ ಹಿಂದೆ ಹಾಯಿಯೇ ಜೀವ. ಹರಿಗೋಲಿಗೆ ಇವು ಯಾವುವೂ ಇಲ್ಲ. ಮುಂದು ಹಿಂದು ಇಲ್ಲದ ದೋಣಿ. ಹಾಯಿ ಕಟ್ಟಿದರೆ ಬೀಸಿದ ಗಾಳಿಗೆ ಗಿರಗಿರನೆ ತಿರುಗಿ ನಿಲ್ಲುವ ದೋಣಿ. ಆದರೂ ಬಂಡೆಗಳೇ ತುಂಬಿದ ನದಿಗೆ ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ. ತಳ ಅಗಲವಾದ್ದರಿಂದ ಗೇಣು ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಾಗಿದರೆ ಬಿದಿರು ಬಾಗಿ ಪೆಟ್ಟನ್ನು ನುಂಗಿ, ದೋಣಿ ಪಕ್ಕಕ್ಕೆ ಜಾರುತ್ತದೆ. ಮರದ ಗಟ್ಟಿ ದೋಣಿಯಾದರೆ ಅದೇ ಪೆಟ್ಟಿಗೆ ಸೀಳುತ್ತದೆ.

ಈ ಜ್ಞಾನ ಬಲು ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಹರಿಗೋಲುಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನರನ್ನು ಹೊರುವ ಶಕ್ತಿ, ನೇರ ಹೋಗದೆ ಸುತ್ತುತ್ತಲೇ ಸಾಗುವ ಬಗೆ, ಎಲ್ಲವನ್ನೂ ಅವನು ಬರೆದಿಟ್ಟಿದ್ದಾನೆ. ಕುದುರೆ, ಎತ್ತುಗಳನ್ನೂ ಬೇಕಾದರೆ ಇದರಲ್ಲೇ ದಾಟಿಸುತ್ತಿದ್ದರಂತೆ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿ ಕನ್ನಡ ನಾಡಿನ ನದಿಗಳನ್ನು ದಾಟಲು ಬುಟ್ಟಿದೋಣಿಗಳನ್ನೇ ಮಾಡಿಸಿಕೊಂಡ. ಇನ್ನೂ ಹಿಂದೆ ಹೋದರೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬಣ್ಣಿಸಿದ ಬ್ಯಾಬಿಲೋನಿನ ತೊಗಲಿನ ದುಂಡು ದೋಣಿಗಳ ಮಾತಿದೆ. ಮೇಲಿನ ಸೀಮೆಯ ವರ್ತಕರು ದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆಯನ್ನೂ ಕೂರಿಸಿಕೊಂಡು ಹೊಳೆಯಲ್ಲಿ ಇಳಿದು ಬರುತ್ತಿದ್ದರು. ಸರಕಿನ ಜೊತೆ ದೋಣಿಯ ಹಂದರವನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ ನಡೆದು ಊರಿಗೆ ಮರಳುತ್ತಿದ್ದರು. ಸೆಳವಿಗೆ ಎದುರಾಗಿ ಈ ದೋಣಿ ಹೋಗುವುದು ಕಷ್ಟ. ಹೊಗೇನಕಲ್ಲಿನಲ್ಲೂ ಕೆಳಗಿಳಿದ ಹರಿಗೋಲುಗಳನ್ನು ಎಷ್ಟೋ ಸಲ ತಲೆಮೇಲೆ ಹೊತ್ತೇ ಮೇಲಕ್ಕೆ ತರುತ್ತಾರೆ. ಮದ್ರಾಸಿನ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಿಗೋಲುಗಳನ್ನೂ ಟೈಗ್ರಿಸ್, ಯೂಫ್ರೆಟಿಸ್ ನದಿಗಳ ದುಂಡು ದೋಣಿಗಳನ್ನೂ ಬ್ರಿಟನ್ನಿನ ವೇಲ್ಸ್ ಸೀಮೆಯ ದೋಣಿಗಳನ್ನೂ ಅಭ್ಯಾಸ ಮಾಡಿ ಬರೆದರು. ಅಷ್ಟು ವಿದ್ವತ್ತು ಪಡೆದ ವಸ್ತುವನ್ನು ಹೆಣೆಯುತ್ತಿದ್ದ ಕೈಗಳಿಗೆ ಬಿದಿರಿನ ಸಿಗುರು ಚುಚ್ಚಿ ರಕ್ತ ಜಿನುಗುತ್ತಿತ್ತು. ಮಗ ಈ ಕೆಲಸಕ್ಕೆ ಬರುವನೇ ಎಂದು ಕೇಳಿದೆ. "ಅವನು ಹೊಸೂರಲ್ಲಿ ಕಂಪನಿಗೆ ಹೋಗ್ತಾನೆ" ಎಂದರು, ಹೆಮ್ಮೆಯಿಂದಲೇ.

ನೀರಿನ ಮೇಲೆ

ಭಾನುವಾರ ಬೆಳಗ್ಗೆ ಟಿಕೆಟ್ ಪಡೆದು, ಲೈಫ್ ಜಾಕೆಟ್ ತೊಟ್ಟು ಹರಿಗೋಲು ಹತ್ತಿದೆವು. ಹತ್ತುವುದಕ್ಕೂ ಕ್ರಮವಿದೆ. ಅಂಚಿಗೆ ಕಾಲಿಡಬಾರದು, ನಡುವಿಗೆ ಇಡಬೇಕು. ಒಬ್ಬರಾದ ಮೇಲೆ ಒಬ್ಬರು ಎದುರು ಬದುರು ಕೂರಬೇಕು. ಅಂಬಿಗ ನಮ್ಮ ಮೈಕಟ್ಟನ್ನು ಕಣ್ಣಲ್ಲೇ ಅಳೆದು, ಭಾರದವರನ್ನು ಆಚೆ ಈಚೆ ಹಂಚಿದ. ದೋಣಿ ಸಮನಾಯಿತು.

ಅವನು ಹುಟ್ಟು ಹಾಕುವ ರೀತಿಯನ್ನು ಗಮನಿಸಿದರೆ ಈ ದೋಣಿಯ ಮರ್ಮ ತಿಳಿಯುತ್ತದೆ. ಸಾಮಾನ್ಯ ದೋಣಿಯಲ್ಲಿ ನೀರನ್ನು ಹಿಂದಕ್ಕೆ ತಳ್ಳಿ ಮುಂದೆ ಹೋಗುತ್ತೇವೆ. ಹರಿಗೋಲಿನಲ್ಲಿ ಅಂಬಿಗ ಮುಂಬದಿಯ ಅಂಚಿನಲ್ಲಿ ಕೂತು, ಹುಟ್ಟನ್ನು ಮುಂದೆ ಚಾಚಿ, ನೀರನ್ನು ತನ್ನ ಕಡೆ ಸೆಳೆದುಕೊಳ್ಳುತ್ತಾನೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಒಂದೇ ಬದಿಗೆ ಎರಡು ಬಾರಿ ಎಳೆದರೆ ಸಾಕು, ದೋಣಿ ತಿರುಗತೊಡಗುತ್ತದೆ. ಆ ತಿರುಗುವಿಕೆಯನ್ನು ತಡೆಯುವುದೇ ಅವನ ಕಸುಬು. ಸೆಳವಿನ ಜೊತೆ ಜಗಳಕ್ಕೆ ಇಳಿಯದೆ, ಬಂಡೆಯ ಹಿಂದೆ ನೀರು ತಣ್ಣಗೆ ಸುತ್ತುವ ಜಾಗಗಳನ್ನು ಹುಡುಕಿ, ಒಂದರಿಂದ ಇನ್ನೊಂದಕ್ಕೆ ದೋಣಿಯನ್ನು ದಾಟಿಸುತ್ತಿದ್ದ. ಅವನ ಕಣ್ಣು ಹುಟ್ಟಿನ ಮೇಲಿರಲಿಲ್ಲ, ನೀರಿನ ಮೈಮೇಲಿನ ಗೆರೆಗಳ ಮೇಲಿತ್ತು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ ಎಂಬ ಶರಣ ತನ್ನ ಕಸುಬನ್ನೇ ಹೆಸರಿನಲ್ಲಿಟ್ಟುಕೊಂಡು ಅಷ್ಟು ನೇರವಾಗಿ, ಅಷ್ಟು ಕಟುವಾಗಿ ಮಾತಾಡಿದ್ದು ಹೇಗೆಂದು ಯೋಚಿಸಿದ್ದೇನೆ. ದಿನವೂ ಪರರ ಪ್ರಾಣವನ್ನು ಕೈಯಲ್ಲಿ ಹಿಡಿದು ದಾಟಿಸುವವನಿಗೆ ಸುಳ್ಳು ಮಾತಿನ ಬಗ್ಗೆ ಸಹನೆ ಇರುವುದಿಲ್ಲ ಎಂಬುದು ಈ ಅಂಬಿಗನ ಎದುರು ಕೂತಾಗ ಮನದಟ್ಟಾಯಿತು.

ಜಲಪಾತದ ಕೆಳಗಿನ ಕಮರಿಗೆ ಹೊಕ್ಕಾಗ ಎರಡೂ ಕಡೆ ಕಲ್ಲಿನ ಗೋಡೆಗಳು ಎದ್ದವು. ಹೊಗೇನಕಲ್ಲಿನ ಕಾರ್ಬೊನಟೈಟ್ ಶಿಲೆಗಳು ಜಗತ್ತಿನ ಆ ಜಾತಿಯ ಅತಿ ಹಳೆಯ ಶಿಲೆಗಳಲ್ಲಿ ಸೇರಿದವು. ಭೂವಿಜ್ಞಾನಿಗಳು ಅವುಗಳ ವಯಸ್ಸನ್ನು ಸುಮಾರು 240 ಕೋಟಿ ವರ್ಷ ಎಂದು ಅಂದಾಜಿಸಿದ್ದಾರೆ. ಕಾವೇರಿ ಇಲ್ಲಿ ಒಂದೇ ಧಾರೆಯಾಗಿ ಬೀಳುವುದಿಲ್ಲ. ಬಂಡೆಗಳ ನಡುವೆ ಕವಲು ಕವಲಾಗಿ ಒಡೆದು, ಐಂದರುವಿ ಎಂಬಲ್ಲಿ ಒಂದು ಬಗೆ, ದೊಡ್ಡ ಜಲಪಾತದಲ್ಲಿ ಇನ್ನೊಂದು ಬಗೆ, ಕಂಡಲ್ಲೆಲ್ಲ ಧುಮುಕುತ್ತದೆ. ಎದ್ದ ತುಂತುರು ಕಮರಿಯ ತುಂಬ ಮಂಜಾಗಿ ನಿಲ್ಲುತ್ತದೆ. ಮೇಲಿನ ಸೇತುವೆಯಿಂದ ಇದನ್ನೆಲ್ಲ ನೋಡುವಾಗ ಅದು ದೃಶ್ಯ ಮಾತ್ರ. ಕೆಳಗೆ ನೀರಿನ ಮಟ್ಟದಲ್ಲಿ ಕೂತಾಗ ಬಿದಿರಿನ ತಳದ ಮೂಲಕ ನದಿಯ ನಡುಕ ಬೆನ್ನಿಗೆ ಬರುತ್ತದೆ, ಅದರ ತಂಪು ತೊಡೆಗೆ ತಾಗುತ್ತದೆ. ನದಿ ನಮ್ಮನ್ನು ಹೊತ್ತಿದೆ ಎನ್ನುವುದು ಆಗ ಮೈಗೆ ಗೊತ್ತಾಗುತ್ತದೆ.

ದಂಡೆಯ ಹೊಳೆಮತ್ತಿ ಮರಗಳಲ್ಲಿ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ಈ ಮರಗಳೇ ಬೂದು ಬಣ್ಣದ ದೊಡ್ಡ ಅಳಿಲಿಗೆ ಮನೆ. ನೀರುನಾಯಿಗಳೂ ಮೊಸಳೆಗಳೂ ಈ ಪಾತ್ರದಲ್ಲಿವೆ. ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಮೀನು ಈಗ ಅಳಿವಿನ ತೀರಾ ಅಂಚಿನಲ್ಲಿದೆ. ಮೀನು ಹುರಿಯುವ ಒಲೆಗಳು ದಂಡೆಯುದ್ದಕ್ಕೂ ಉರಿಯುವ ಊರಿನಲ್ಲಿ ಈ ಸಂಗತಿಯನ್ನು ಅಂಬಿಗನೇ ಎತ್ತಿದ. ತನ್ನ ಅಜ್ಜ ಹಿಡಿದ ಮೀನಿನ ಉದ್ದವನ್ನು ಎರಡೂ ಕೈ ಚಾಚಿ ತೋರಿಸಿ, ತಾನು ಅಂಥದ್ದನ್ನು ಕಂಡಿಲ್ಲವೆಂದ.

ಆ ದಡ, ಈ ದಡ

"ಆ ದಡ ನಿಮ್ಮದು" ಎಂದು ಅಂಬಿಗ ಹುಟ್ಟಿನ ತುದಿಯಿಂದ ತೋರಿಸಿದ. ಆಚೆ ಚಾಮರಾಜನಗರ ಜಿಲ್ಲೆ. ಕಾಡಿನ ಹಿಂದೆ ಗೋಪಿನಾಥಂ. ವೀರಪ್ಪನ್ ಹುಟ್ಟಿದ ಊರೆಂದು ಎಲ್ಲರಿಗೂ ಗೊತ್ತು. ಅದೇ ಊರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಜನರ ವಿಶ್ವಾಸ ಗಳಿಸಿ, ಮಾರಮ್ಮನ ಗುಡಿ ಕಟ್ಟಿಸಿ, ಬಡವರಿಗೆ ಮನೆ ಮಾಡಿಸಿಕೊಟ್ಟಿದ್ದರು. 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನು ಕೊಂದ. ಊರಿನವರು ಇಂದಿಗೂ ಶ್ರೀನಿವಾಸರನ್ನು ನೆನೆಯುತ್ತಾರೆ. ಆ ಕಾಡಿನತ್ತ ನೋಡುತ್ತ ನಾವು ಕೆಲಹೊತ್ತು ಸುಮ್ಮನಿದ್ದೆವು.

ಎರಡು ರಾಜ್ಯಗಳ ಗಡಿ ನಮ್ಮ ದೋಣಿಯ ಕೆಳಗೇ ಇತ್ತು. ಹೊಗೇನಕಲ್ಲಿಗೆ ತುಸು ಮೇಲೆ ಬಿಳಿಗುಂಡ್ಲು ಇದೆ. ಅಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಕರ್ನಾಟಕ ತಮಿಳುನಾಡಿಗೆ ಬಿಟ್ಟ ನೀರನ್ನು ಅಳೆಯುವುದು ಅಲ್ಲಿಯೇ. 1990ರಲ್ಲಿ ನೇಮಕವಾದ ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 192 ಟಿಎಂಸಿ ಎಂದಿತ್ತು. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ಅದನ್ನು 177.25ಕ್ಕೆ ಇಳಿಸಿತು. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಬರಗಾಲ ಬಂದಾಗಲೆಲ್ಲ ಟಿವಿಯಲ್ಲಿ, ಬೀದಿಯಲ್ಲಿ ಕೂಗಾಗಿ ಕೇಳುವ ಅಂಕಿಗಳಿವು. ದೋಣಿಯಲ್ಲಿ ಕೂತಾಗ ಆ ಅಂಕಿಗಳು ಬೆರಳ ಸಂದಿಯಿಂದ ಹರಿದುಹೋಗುವ ನೀರಾಗಿದ್ದವು. ಅಂಬಿಗನಿಗೆ ಅವು ಅನ್ನದ ಲೆಕ್ಕ. ಮೇಲಿಂದ ತೀರಾ ಹೆಚ್ಚು ನೀರು ಬಂದರೆ ಜಿಲ್ಲಾಡಳಿತ ಹರಿಗೋಲು ಓಡಾಟ ನಿಲ್ಲಿಸುತ್ತದೆ. ತೀರಾ ಕಡಿಮೆಯಾದರೆ ಪ್ರವಾಸಿಗರು ಬರುವುದಿಲ್ಲ. "ಎರಡೂ ಕಡೆಯವರು ಜಗಳ ಆಡಿದಾಗ ಬಸ್ಸು ನಿಂತುಹೋಗ್ತದೆ, ನಮ್ಮ ಒಲೆನೂ ನಿಂತುಹೋಗ್ತದೆ" ಎಂದ. ಅವನ ಮಾತಿನಲ್ಲಿ ತಮಿಳೂ ಕನ್ನಡವೂ ಬೆರೆತಿದ್ದವು.

ಹೊಸೂರಿನ ಗೆಳೆಯ ಆಗ ತನ್ನ ಮನೆಯ ನಲ್ಲಿಯ ಮಾತು ತೆಗೆದ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು ಕಂದುತ್ತದೆ, ಇನ್ನೂ ಹೆಚ್ಚಿದ್ದದ್ದನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗಬಹುದು. ಅದಕ್ಕಾಗಿಯೇ ಹೊಗೇನಕಲ್ಲಿನಿಂದ ಕಾವೇರಿ ನೀರನ್ನು ಎತ್ತಿ ಈ ಎರಡು ಜಿಲ್ಲೆಗಳಿಗೆ ಒದಗಿಸುವ ಯೋಜನೆ ಜಪಾನಿನ ನೆರವಿನಿಂದ ನಡೆದು 2013ರಲ್ಲಿ ಕಾರ್ಯಾರಂಭ ಮಾಡಿತು. 2008ರಲ್ಲಿ ಕರ್ನಾಟಕದಲ್ಲಿ ಅದರ ವಿರುದ್ಧ ದೊಡ್ಡ ಪ್ರತಿಭಟನೆಗಳಾಗಿದ್ದವು. ಗಡಿ, ಪಾಲು, ಅನುಮತಿಗಳ ಪ್ರಶ್ನೆಗಳು ಅದರಲ್ಲಿದ್ದವು ನಿಜ. ಆದರೆ ಬಾಗಿದ ಮೂಳೆಯ ಅಜ್ಜಿಯೊಬ್ಬಳು ಆ ಚರ್ಚೆಯಲ್ಲಿ ನಮಗೆ ಕಾಣಿಸಿರಲಿಲ್ಲ. ಗೆಳೆಯನ ಮನೆಯಲ್ಲೇ ಅಂಥ ಅಜ್ಜಿಯಿದ್ದರು. ಅವರೂ ಕನ್ನಡದವರೇ.

ಎರಡರಲ್ಲೂ ಬೆಂಗಳೂರು

ಮಧ್ಯಾಹ್ನ ಬಂಡೆಯ ನೆರಳಿನಲ್ಲಿ ಊಟ ಮಾಡುತ್ತ ಮೇಷ್ಟ್ರು ಮರಳಿನ ಮೇಲೆ ಕಡ್ಡಿಯಿಂದ ಒಂದು ನಕ್ಷೆ ಬರೆದರು. ಬೆಂಗಳೂರು ಕುಡಿಯುವುದು ಕಾವೇರಿಯನ್ನು. 1974ರಲ್ಲಿ ಮೊದಲ ಹಂತ ಮುಗಿದಂದಿನಿಂದ 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಆರಂಭವಾಗುವವರೆಗೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ನೀರನ್ನು ಪಂಪು ಮಾಡುತ್ತ ಬಂದಿದ್ದೇವೆ. ಐದನೆಯ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್. ನಗರ ಬಳಸಿದ ಮೇಲೆ ಆ ನೀರು ಎರಡು ದಿಕ್ಕಿಗೆ ಹರಿದುಹೋಗುತ್ತದೆ. ಪಶ್ಚಿಮದ ಪಾಲು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ, ಮೇಕೆದಾಟು ಹಾದು ಹೊಗೇನಕಲ್ಲಿಗೆ. ಪೂರ್ವದ ಪಾಲು ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ, ಕೆಲವರಪಳ್ಳಿಗೆ.

ಅಂದರೆ ನಮ್ಮ ವಾರಾಂತ್ಯದ ಎರಡೂ ನದಿಗಳಲ್ಲಿ ಬೆಂಗಳೂರು ಇತ್ತು. ಶನಿವಾರ ನೊರೆಯಾಗಿ ಕಂಡ ನೀರಿನಲ್ಲಿ ಒಂದಷ್ಟು ಭಾಗ ಮೂಲತಃ ಕಾವೇರಿಯದೇ. ಮಲೆನಾಡಿನ ಮಳೆ ಬೆಂಗಳೂರಿನ ಸ್ನಾನದಮನೆಗಳನ್ನು ಹಾದು, ತನ್ನ ಕೊಳ್ಳವನ್ನೇ ಬಿಟ್ಟು ಇನ್ನೊಂದು ನದಿಗೆ ಬಿದ್ದು, ಹೊಸೂರಿನ ರೈತನ ಗದ್ದೆಗೆ ಹೋಗಿತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ಯೋಜನೆಯಡಿ 2018ರಿಂದ ಇದೇ ನೀರಿನಲ್ಲಿ ಒಂದು ಪಾಲನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಕಳಿಸುತ್ತಿದ್ದೇವೆ. ನದಿಗೆ ಬೀಳುವ ಪ್ರತಿ ಹನಿಯೂ ಶುದ್ಧವಾಗಿ ಬೀಳುವ ದಿನ ಮಾತ್ರ ಇನ್ನೂ ಬಂದಿಲ್ಲ.

ಕಾವೇರಿಯ ಮಾತು ಬಂದಾಗ ನಾವು ಎಷ್ಟು ಬಿಟ್ಟೆವು ಎಂದು ಲೆಕ್ಕ ಹಾಕುತ್ತೇವೆ. ಎಂಥ ನೀರು ಬಿಟ್ಟೆವು ಎಂದು ಕೇಳಿಕೊಳ್ಳುವುದಿಲ್ಲ. ನೀರಿನ ಪ್ರಮಾಣದಲ್ಲಿ ನಮ್ಮ ಹಕ್ಕಿಗಾಗಿ ನ್ಯಾಯಾಲಯದಲ್ಲಿ ಹೋರಾಡುವುದು ಸರಿ. ನೀರಿನ ಗುಣದಲ್ಲಿ ಕೆಳಗಿನವರ ಹಕ್ಕನ್ನು ನಾವೇ ಒಪ್ಪಿಕೊಳ್ಳಬೇಕು. ಮೇಲೆ ಇರುವವನಿಗೆ ಮೊದಲು ಕುಡಿಯುವ ಅವಕಾಶವಿದೆ, ಆ ಅವಕಾಶದ ಜೊತೆಗೇ ಕೆಳಗಿನವನ ಬಾಯಿಗೆ ಹೋಗುವ ನೀರಿನ ಹೊಣೆಯೂ ಬರುತ್ತದೆ. ಹರಿಗೋಲಿನಲ್ಲಿ ಒಬ್ಬ ಅಲುಗಿದರೆ ಎದುರಿನವನೂ ವಾಲುತ್ತಾನೆ. ನದಿಯ ಕೊಳ್ಳದಲ್ಲೂ ಹಾಗೆಯೇ.

ಕಡಲಿನತ್ತ

ಪೆನ್ನಾಗರಂ, ಧರ್ಮಪುರಿಯ ಮೇಲೆ ಹಿಂದಿರುಗುವಾಗ ಕೃಷ್ಣಗಿರಿ ಅಣೆಕಟ್ಟಿನ ಬಳಿ ಮತ್ತೆ ಪಿನಾಕಿನಿ ಸಿಕ್ಕಿತು. ಕಾಮರಾಜರ ಆಡಳಿತದಲ್ಲಿ, 1950ರ ದಶಕದಲ್ಲಿ ಕಟ್ಟಿದ, 52 ಅಡಿಯವರೆಗೆ ನೀರು ನಿಲ್ಲಿಸುವ ಅಣೆಯಿದು. ಕೃಷ್ಣಗಿರಿಯ ಕೋಟೆ ಹೊತ್ತ ಬೆಟ್ಟ ದೂರದಲ್ಲಿ ಕಂಡಿತು. ಹೆದ್ದಾರಿಯ ಅವದಾನಪಟ್ಟಿ ಕೆರೆಯಲ್ಲಿ ಮಕ್ಕಳು ದೋಣಿವಿಹಾರಕ್ಕೆ ಸಾಲು ನಿಂತಿದ್ದರು. ಅಣೆಯ ಹಿನ್ನೀರಿನಲ್ಲಿ ಮೀನುಗಾರನೊಬ್ಬ ಹರಿಗೋಲಿನಲ್ಲಿ ಬಲೆ ಬಿಡುತ್ತಿದ್ದ. ಇಲ್ಲಿಂದ ಈ ನದಿ ಸಾತನೂರು ಅಣೆಯನ್ನು ದಾಟಿ ಕಡಲೂರಿನ ಹತ್ತಿರ ಸಮುದ್ರ ಸೇರುತ್ತದೆ. ಕಾವೇರಿ ಮೆಟ್ಟೂರಿನಲ್ಲಿ 1934ರ ಅಣೆಯನ್ನು ತುಂಬಿ, ತಂಜಾವೂರನ್ನು ಉಣಿಸಿ, ಪೂಂಪುಹಾರಿನಲ್ಲಿ ಕಡಲಿಗೆ ಬೀಳುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿಂದ ಹಾಯಿಹಡಗುಗಳು ದೂರ ದೇಶಗಳಿಗೆ ಹೊರಡುತ್ತಿದ್ದವು. ಹೊನ್ನಾವರದ ಗೆಳೆಯ ಮುಂದಿನ ವರ್ಷ ಪೂಂಪುಹಾರಿನ ದಂಡೆಯನ್ನು ನೋಡಬೇಕೆಂದ. ಕಡಲಿನ ಕೊನೆಯಿಂದ ನದಿಯನ್ನು ನೋಡಬೇಕು ಎನ್ನುವುದು ಅವನ ಮಾತು. ನಾವೆಲ್ಲರೂ ಒಪ್ಪಿದೆವು.

ಓದುಗರಲ್ಲಿ ನನ್ನ ವಿನಂತಿ ಎರಡು. ಮಳೆಗಾಲದ ಪ್ರವಾಹ ಇಳಿದ ಮೇಲೆ, ನವೆಂಬರಿನಿಂದ ಫೆಬ್ರವರಿಯೊಳಗೆ, ಒಮ್ಮೆ ಹೊಗೇನಕಲ್ಲಿಗೆ ಹೋಗಿ ಹರಿಗೋಲು ಹತ್ತಿ. ಲೈಫ್ ಜಾಕೆಟ್ ಬಿಚ್ಚಬೇಡಿ, ಮೋಜಿಗಾಗಿ ದೋಣಿಯನ್ನು ಅಲುಗಿಸಬೇಡಿ, ಅಂಬಿಗನ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ನದಿಯ ದಂಡೆಯಲ್ಲಿ ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಹೋಗುವಾಗಲೋ ಬರುವಾಗಲೋ ಹೊಸೂರಿನ ಕೆಲವರಪಳ್ಳಿಯಲ್ಲಿ ಹತ್ತು ನಿಮಿಷ ನಿಲ್ಲಿ. ಬೆಂಗಳೂರಿನವರಾದರೆ, ಮನೆಗೆ ಮರಳಿದ ಮೇಲೆ ನಿಮ್ಮ ಬಡಾವಣೆಯ ಬಚ್ಚಲ ನೀರು ವೃಷಭಾವತಿಯ ಕಡೆ ಹೋಗುತ್ತದೋ ವರ್ತೂರಿನ ಕಡೆ ಹೋಗುತ್ತದೋ ತಿಳಿದುಕೊಳ್ಳಿ. ನಿಮ್ಮ ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕ ನಿಜವಾಗಿ ನಡೆಯುತ್ತಿದೆಯೇ ಎಂದು ಮುಂದಿನ ಸಭೆಯಲ್ಲಿ ಕೇಳಿ, ಉತ್ತರ ಸಿಗುವವರೆಗೂ ಕೇಳಿ. ಕೆಳಗಿನ ಊರುಗಳಲ್ಲಿ ಆ ನೀರಿಗಾಗಿ ಜನ ಕಾದಿದ್ದಾರೆ.